ಕೆಂಚಮ್ಮನ ಹೊಸಕೋಟೆಗೆ ಹೋಗಿ ಬಂದದ್ದು

ವಿದ್ಯಾರ್ಥಿನಿಲಯಕ್ಕೆ ಸೇರಿದ ಮೊದಲ ದಿನ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಯಾವೂರು?" "ಹೊಂಗಡಹಳ್ಳ" ಎಂದೆ. "ಅದೆಲ್ಲಿ ಬರುತ್ತೆ?" "ಸಕಲೇಶಪುರದ ಹತ್ತಿರ" ಎಂದೆ. ಅದು ಅರ್ಧ ಸುಳ್ಳು. ಸಕಲೇಶಪುರದಲ್ಲಿ ಇಳಿದು, ಹೆತ್ತೂರಿನ ಕಡೆಗೆ ಹೋಗುವ ಬಸ್ಸಿಗೆ ಕಾದು, ತಿರುವುಗಳಲ್ಲಿ ಎಡಕ್ಕೂ ಬಲಕ್ಕೂ ಸಮನಾಗಿ ವಾಲಿ, ನಮ್ಮೂರಿನಲ್ಲಿ ಇಳಿಯುವ ಹೊತ್ತಿಗೆ 'ಹತ್ತಿರ' ಎಂಬ ಮಾತು ಯಾರ ಬಾಯಲ್ಲೂ ಉಳಿದಿರುವುದಿಲ್ಲ. ಆದರೂ ಮೂರು ವರ್ಷ ನಾನು ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಊರಿನ ಹೆಸರಿಗೆ ಪೇಟೆಯೊಂದರ ಹೆಸರನ್ನು ಒರಗಿಸಿ ನಿಲ್ಲಿಸುವ ಈ ಚಾಳಿ ನನ್ನೊಬ್ಬನದೇ ಅಲ್ಲವೆಂದು, ಕೊಠಡಿಯ ಗೆಳೆಯರ ಊರುಗಳನ್ನು ಒಂದೊಂದಾಗಿ ನೋಡಿ ಬಂದ ಮೇಲೆ ಸಮಾಧಾನವಾಯಿತು.

ನಮ್ಮ ತಾಲ್ಲೂಕಿಗೆ ಹಿಂದೆ ಮಂಜರಾಬಾದು ಎಂಬ ಹೆಸರಿತ್ತು. 1792ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯನ್ನು ನೋಡಲು ಇಂದು ಹೊರಗಿನವರು ಬರುತ್ತಾರೆ. ಮಂಜನ್ನು ನೋಡುವುದಕ್ಕೂ ಬರುತ್ತಾರೆ. ಮಂಜು ನಮಗೆ ನೋಡುವ ವಸ್ತುವಲ್ಲ, ಒಗೆದ ಬಟ್ಟೆ ಒಣಗದೆ ಇರಲು ಕಾರಣ. ಜೂನಿನಲ್ಲಿ ಹಿಡಿದ ಮಳೆ ಬಿಡುವ ಹೊತ್ತಿಗೆ ಮನೆಯ ಗೋಡೆ, ಪುಸ್ತಕದ ರಟ್ಟು, ಅಪ್ಪನ ಚಪ್ಪಲಿ ಎಲ್ಲಕ್ಕೂ ಒಂದೇ ಹಸಿರು ಬಣ್ಣ ಬಂದಿರುತ್ತದೆ. ಬಿಸಲೆಯ ಹಾದಿಯಲ್ಲಿ, ಮಂಕನಹಳ್ಳಿಯ ಹತ್ತಿರ, ನೀರು ಕವಲಾಗುವ ಜಾಗದಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ. ಅದರ ಒಂದು ಪಕ್ಕಕ್ಕೆ ಬಿದ್ದ ಮಳೆ ಕುಮಾರಧಾರೆಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಪಕ್ಕದ್ದು ಹೇಮಾವತಿಯಲ್ಲಿ ಸೇರಿ, ಕಾವೇರಿಯ ಜೊತೆಗೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮೋಡದ ನೀರು. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನೂ ಅಕ್ಕನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದಾಗ ನಾವಿಬ್ಬರೂ ಕಲ್ಲಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು ಬಾಟಲಿಯ ನೀರನ್ನು ಚೆಲ್ಲಿ, ಯಾರದು ಮೊದಲು ಸಮುದ್ರ ಸೇರುತ್ತದೆಂದು ಪಂದ್ಯ ಕಟ್ಟಿದ್ದೆವು. ಅದರ ಫಲಿತಾಂಶ ಇನ್ನೂ ಬಂದಿಲ್ಲ.

ನಮ್ಮ ಮನೆದೇವರು ಕೆಂಚಮ್ಮ. ಆಲೂರು ತಾಲ್ಲೂಕಿನಲ್ಲಿ, ಕೊಡ್ಲಿಪೇಟೆಯ ಕಡೆಯ ಗಡಿಗೆ ಸಮೀಪದಲ್ಲಿ, ಕೆಂಚಮ್ಮನ ಹೊಸಕೋಟೆ ಎಂಬ ಊರಿದೆ. ಅದರ ಬಳಿಯ ಹರಿಹಳ್ಳಿಯಲ್ಲಿ ಆಕೆಯ ಗುಡಿ. ಕೆಂಚು ಎಂದರೆ ಕೆಂಪು ಬೆರೆತ ಬಣ್ಣ. ನಮ್ಮ ಹಟ್ಟಿಯ ಕೆಂದು ಹಸುವಿಗೂ ಕೆಂಚಿ ಎಂದೇ ಹೆಸರು. ದೇವರಿಗೂ ದನಕ್ಕೂ ಒಂದೇ ಹೆಸರಿಟ್ಟು ಇಬ್ಬರನ್ನೂ ಒಂದೇ ದನಿಯಲ್ಲಿ ಗದರಿಸುವ ಅಧಿಕಾರ ನಮ್ಮ ಅಜ್ಜಿಗೆ ಮಾತ್ರ ಇದೆ.

ಕೆಂಚಮ್ಮನ ಕಥೆಯನ್ನು ನಾನು ಮೊದಲು ಕೇಳಿದ್ದು ಅಜ್ಜಿಯ ಬಾಯಲ್ಲಿಯೇ. ಏಳು ಜನ ಅಕ್ಕತಂಗಿಯರು ಕಾಶಿಯಿಂದ ತೆಂಕಣಕ್ಕೆ ನಡೆದು ಬಂದರಂತೆ. ಹಾಸನದ ಸೀಮೆ ಕಂಡಾಗ ಮೂವರಿಗೆ ಆ ನೆಲ ಹಿಡಿಸಿತು. ಹುತ್ತದಲ್ಲಿ ನೆಲೆ ನಿಂತು ಹಾಸನಾಂಬೆ ಎನಿಸಿಕೊಂಡರು. ಇನ್ನು ಮೂವರು ಅಲ್ಲಿಯೇ ದೇವಿಗೆರೆಯಲ್ಲಿ ಉಳಿದರು. ಒಬ್ಬಳು ಮಾತ್ರ ಮುಂದಕ್ಕೆ ನಡೆದು ಈ ಕಾಡಿನ ಕಡೆಗೆ ಬಂದಳು. ಆಕೆಯೇ ಕೆಂಚಮ್ಮ. ಇಷ್ಟೇ ಕಥೆ. ಆದರೆ ಸೋನೆ ಮಳೆಯ ರಾತ್ರಿ ಅಜ್ಜಿ ಅದನ್ನು ಹೇಳುವಾಗ ಆ ಏಳು ಜನರೂ ನಮ್ಮ ಗದ್ದೆಯ ಬದುವಿನ ಮೇಲೆಯೇ ಸೀರೆ ಎತ್ತಿ ಕಟ್ಟಿಕೊಂಡು ಹೋದ ಹಾಗೆ ಕಾಣುತ್ತಿತ್ತು.

ಅದೇ ಕಥೆಯನ್ನು ಎರಡನೆಯ ಸಲ ಕೇಳಿದ್ದು ಈ ಕಾಲೇಜಿನ ಇತಿಹಾಸದ ತರಗತಿಯಲ್ಲಿ. ನಮ್ಮ ಅಧ್ಯಾಪಕರು ಸಪ್ತಮಾತೃಕೆಯರ ಪಾಠ ಮಾಡುತ್ತಿದ್ದರು. ಬಾದಾಮಿಯ ಚಾಲುಕ್ಯರು ತಮ್ಮ ಶಾಸನಗಳಲ್ಲಿ ತಾವು ಏಳು ಮಂದಿ ತಾಯಂದಿರಿಂದ ಪೋಷಿಸಲ್ಪಟ್ಟವರೆಂದು ಹೇಳಿಕೊಳ್ಳುತ್ತಾರೆ. ಅವರಿಗಿಂತ ಹಿಂದಿನ ಕದಂಬರೂ ತಾಯಂದಿರನ್ನು ಸ್ಮರಿಸುತ್ತಾರೆ. ದೇವೀಮಾಹಾತ್ಮ್ಯದಲ್ಲಿ ರಕ್ತಬೀಜನ ಯುದ್ಧಕ್ಕೆ ದೇವಿಯ ನೆರವಾಗಿ ಇವರು ಬರುತ್ತಾರೆ. ಎಷ್ಟೋ ಹಳೆಯ ದೇವಾಲಯಗಳಲ್ಲಿ ಒಂದೇ ಕಲ್ಲುಹಲಗೆಯ ಮೇಲೆ ಏಳೂ ಜನ ಸಾಲಾಗಿ ಕುಳಿತಿರುತ್ತಾರೆ, ಆ ತುದಿಗೆ ವೀರಭದ್ರ, ಈ ತುದಿಗೆ ಗಣಪತಿ. ಹೀಗೆ ಹೇಳುತ್ತ ಅವರು ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದರು: ಬ್ರಾಹ್ಮಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ, ಇಂದ್ರಾಣಿ, ಚಾಮುಂಡಿ. ಬಳಿಕ ನಗುತ್ತ, "ನಿಮ್ಮ ಜಿಲ್ಲೆಯಲ್ಲೇ ಇದ್ದಾರಲ್ಲ! ಮಾಹೇಶ್ವರಿ, ಕೌಮಾರಿ, ವೈಷ್ಣವಿ ಹಾಸನಾಂಬೆಯ ಗುಡಿಯಲ್ಲಿ, ಚಾಮುಂಡಿ, ವಾರಾಹಿ, ಇಂದ್ರಾಣಿ ದೇವಿಗೆರೆಯಲ್ಲಿ, ಬ್ರಾಹ್ಮಿ ಕೆಂಚಮ್ಮನ ಹೊಸಕೋಟೆಯಲ್ಲಿ ಎಂದು ಸ್ಥಳದ ನಂಬಿಕೆ" ಎಂದರು.

ನನಗೆ ಮೈ ಜುಮ್ಮೆಂದಿತು. ನಮ್ಮ ಒಲೆಯ ಮುಂದಿನ ಕಥೆಗೂ ತಾಮ್ರಪಟಕ್ಕೂ ನಂಟಿರಬಹುದೆಂದು ನಾನು ಎಣಿಸಿರಲಿಲ್ಲ. ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ ಒಂದು ರೋಗ ಹಿಡಿಯುತ್ತದೆ: ಕಲಿತದ್ದನ್ನು ಆ ವಾರವೇ ಊರಿಗೆ ಕೊಂಡುಹೋಗಿ ಎಲ್ಲರ ತಲೆಗೂ ಸುರಿಯುವುದು. ನಾನೂ ಸುರಿದೆ. ಅಜ್ಜಿ ಎಲೆ ಅಡಿಕೆ ಕುಟ್ಟುತ್ತ ಕೇಳಿಸಿಕೊಂಡು, "ಅದೇನೋ ಬ್ರಾಮಿಯೋ ಗೀಮಿಯೋ ನಂಗೊತ್ತಿಲ್ಲ ಮಗ. ಅವ್ಳು ಕೆಂಚಮ್ಮ" ಎಂದಳು.

"ಆರು ಜನ ಹಾಸನದಲ್ಲೇ ಉಳಿದ್ರಲ್ಲಜ್ಜಿ, ಇವಳೊಬ್ಬಳೇ ಯಾಕೆ ಕಾಡಿಗೆ ಬಂದ್ಲು?"

"ಎಲ್ರೂ ಪ್ಯಾಟೇಲೇ ಕೂತ್ರೆ ಈ ಕಾಡ್ನೋರಿಗೆ ಯಾರ್ಲಾ ಗತಿ? ಯಾರಾದ್ರೂ ಒಬ್ರು ಬರ್ಬೇಕಿತ್ತು. ಬಂದ್ಲು."

ಪಕ್ಕದಲ್ಲಿ ಅಕ್ಕ ಕಾಫಿ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದಳು. ನನ್ನ ನೋಟುಪುಸ್ತಕವನ್ನು ಎಳೆದುಕೊಂಡು ಏಳು ಹೆಸರುಗಳನ್ನೂ ಓದಿ, "ಬ್ರಾಹ್ಮಿ ಮೊದಲು ಬರ್ತಾಳಲ್ಲೋ. ಅಂದ್ರೆ ಅವಳೇ ದೊಡ್ಡೋಳು" ಎಂದಳು. ನಾನು ಅದನ್ನು ಗಮನಿಸಿರಲಿಲ್ಲ. ಪಟ್ಟಿಯ ಮೊದಲ ಹೆಸರೇ ಹಿರಿಯಳೆಂದು ಶಾಸ್ತ್ರ ಎಲ್ಲೂ ಹೇಳುವುದಿಲ್ಲ ಎಂದು ವಾದಿಸಬಹುದಿತ್ತು, ವಾದಿಸಿದೆ ಕೂಡ. ಅವಳು ಸುಮ್ಮನೆ ಪುಸ್ತಕ ಮುಚ್ಚಿ ಕೊಟ್ಟಳು.

ಅಕ್ಕನ ವಿಷಯ ಇಲ್ಲಿ ಹೇಳಬೇಕು. ಅವಳು ನನಗಿಂತ ಎರಡು ವರ್ಷ ದೊಡ್ಡವಳು. 2019ರಲ್ಲಿ ಎಸ್.ಎಸ್.ಎಲ್.ಸಿ.ಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದಳು. ನಾನು ಮುಗಿಸಿದ್ದು 2021ರಲ್ಲಿ. ಆ ವರ್ಷ ಕೋವಿಡ್ ಕಾರಣದಿಂದ ಪರೀಕ್ಷೆಯನ್ನು ಹಗುರ ಮಾಡಿ, ರಾಜ್ಯದಲ್ಲಿ ಹೆಚ್ಚು ಕಡಮೆ ಎಲ್ಲರೂ ತೇರ್ಗಡೆಯಾದರೆಂಬುದನ್ನು ವಾಚಕರು ಮರೆತಿರಲಾರರು. ಆದರೂ ಪಿ.ಯು.ಸಿ.ಗೆಂದು ಪೇಟೆಗೆ ಹೋದವನು ನಾನು. ಅಪ್ಪನಿಗಿರುವುದು ಎಕರೆಯಷ್ಟು ಗದ್ದೆ, ಅದಕ್ಕಿಂತ ಚಿಕ್ಕ ಕಾಫಿ ತೋಟ; ಉಳಿದ ದಿನ ಕೂಲಿ. ಒಬ್ಬರನ್ನು ಹೊರಗಿಟ್ಟು ಓದಿಸುವ ಶಕ್ತಿ ಇತ್ತು, ಇಬ್ಬರನ್ನಲ್ಲ. ಹಾಗೆಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅಕ್ಕನೇ, "ನಂಗೆ ಓದು ಹತ್ತಲ್ಲ" ಎಂದಳು. ಪ್ರಥಮ ದರ್ಜೆಯವಳ ಬಾಯಲ್ಲಿ ಬಂದ ಈ ಮಾತನ್ನು ನಾವೆಲ್ಲ ಎಷ್ಟು ಬೇಗ ನಂಬಿದೆವೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ನನಗೆ ನಂಬುವುದು ಅನುಕೂಲವಾಗಿತ್ತು.

ನಾನು ಕಾಲೇಜಿಗೆ ಸೇರಿದಾಗ ಅವ್ವ ಹರಕೆ ಹೊತ್ತಿದ್ದಳು: ಮಗ ಕಡೆಯ ವರ್ಷಕ್ಕೆ ಬಂದರೆ ಕೆಂಚಮ್ಮನಿಗೆ ಸೀರೆ, ಬಳೆ, ಮಡಿಲಕ್ಕಿ. ಕಳೆದ ಕಾರ್ತಿಕದ ಒಂದು ಶುಕ್ರವಾರ ಅದನ್ನು ತೀರಿಸಲು ಅವ್ವ, ಅಕ್ಕ, ನಾನು ಹೊರಟೆವು. ಅಜ್ಜಿಗೆ ಮಂಡಿನೋವು, "ಅವಳಿಗೆ ನಾನು ಬರ್ಲಿಲ್ಲ ಅಂತ ಹೇಳು, ಬಯ್ಯಲ್ಲ" ಎಂದು ಕಳಿಸಿದಳು. ಹೊರಡುವ ಮುನ್ನ ಅಕ್ಕ ಮೊಬೈಲು ನೋಡಿದಳು. ನಮ್ಮ ಕಡೆ ಆನೆಗಳು ಎಲ್ಲಿವೆ ಎಂಬ ಸಂದೇಶವನ್ನು ಅರಣ್ಯ ಇಲಾಖೆಯವರು ಕಳಿಸುತ್ತಾರೆ. ಆಲೂರು ಸಕಲೇಶಪುರದ ಭಾಗದಲ್ಲಿ 2014ರಲ್ಲಿ ಇಪ್ಪತ್ತೆರಡು ಆನೆಗಳನ್ನು ಹಿಡಿಯುವ ಕೆಲಸ ಶುರುವಾಗಿ, ಹಿಡಿದು ಸಾಗಿಸಿಯೂ ಆಯಿತು. ತೆರವಾದ ಜಾಗಕ್ಕೆ ಬೇರೆಯವು ಬಂದವು. ಸಂದೇಶವನ್ನು ಓದಿ ಅಕ್ಕಪಕ್ಕದ ಮನೆಗಳಿಗೆ ಕೂಗಿ ಹೇಳುವುದು ಅಕ್ಕನ ಕೆಲಸ. ಅಂದು ನಮ್ಮ ದಾರಿ ಸಲೀಸಾಗಿತ್ತು. ಅವಳು ಬೇಲಿಯ ಬಳಿ ನಿಂತು ಎರಡು ಮನೆಗೆ ಹೇಳಿಯೇ ಬಂದಳು.

ಹೆತ್ತೂರು, ಯಸಳೂರು, ಕೊಡ್ಲಿಪೇಟೆ ಎಂದು ಬಸ್ಸು ಬದಲಿಸುತ್ತ ಹೋದೆವು. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವಷ್ಟೆ. ಮೂವರಲ್ಲಿ ದುಡ್ಡು ಕೊಟ್ಟವನು ನಾನೊಬ್ಬನೇ. ಅದೂ ಅವ್ವನ ಸೆರಗಿನ ಗಂಟಿನಿಂದ ಬಿಚ್ಚಿದ ದುಡ್ಡು. ಬೆಟ್ಟಗಳು ಮೆಲ್ಲಗೆ ಹಿಂದಾಗಿ, ಕಾಫಿಯ ನೆರಳು ತೆಳುವಾಗಿ, ಹಾಲು ತುಂಬುತ್ತಿದ್ದ ಗದ್ದೆಗಳ ಬಯಲು ಬಂತು. ಅವ್ವ ಹುಟ್ಟಿದ್ದು ಹಾಸನದ ಬಯಲ ಕಡೆ. ಕಿಟಕಿಯಿಂದ ನೋಡುತ್ತ, "ಮದುವೆಯಾಗಿ ಬಂದಾಗ ಈ ದಾರೀಲೇ ಬಂದದ್ದು. ಮಳೆ ನೋಡಿ ಅತ್ತುಬಿಟ್ಟಿದ್ದೆ" ಎಂದಳು. ಅಕ್ಕ ಅವಳ ಕೈ ಹಿಡಿದುಕೊಂಡಳು. ನಾನು ಬೇರೆ ಕಡೆ ನೋಡಿದೆ.

ಹಾಸನಾಂಬೆಯ ದರ್ಶನವನ್ನು ನಾನು ಈ ಊರಿನಲ್ಲಿ ಓದುವವನಾಗಿ ಬಲ್ಲೆ. ಆಶ್ವಯುಜದ ಹುಣ್ಣಿಮೆಯ ನಂತರದ ಗುರುವಾರ, ಅರಸು ಮನೆತನದವರು ಬಾಳೆಯ ಕಂದನ್ನು ಕಡಿದ ಮೇಲೆ, ವರ್ಷಕ್ಕೊಮ್ಮೆ ತೆರೆಯುವ ಬಾಗಿಲು. ಬೀದಿಯುದ್ದ ಸರತಿಯ ಸಾಲು. ದೀಪಾವಳಿ ಮುಗಿದರೆ ಮತ್ತೆ ವರ್ಷದ ಬೀಗ. ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ, ಆ ದಿನಗಳಲ್ಲಿ ಕಾಲೇಜಿಗೆ ತಡವಾಗಿ ಬರಲು ಅದು ಒದಗಿಸುವ ಕಾರಣದ ಬಗ್ಗೆಯೂ ಗೌರವವಿದೆ. ಕೆಂಚಮ್ಮನಲ್ಲಿ ಅಂದು ಅಂಥ ನೂಕುನುಗ್ಗಲಿರಲಿಲ್ಲ. ಹೊಲಗದ್ದೆಯ ಜನ, ಕೈಯಲ್ಲಿ ಹಣ್ಣುಕಾಯಿ, ಕಂಕುಳಲ್ಲಿ ಮಗು. ನಮ್ಮ ಮುಂದಿದ್ದ ಮುದುಕರೊಬ್ಬರು ತಮ್ಮ ಕಳೆದುಹೋದ ಎಮ್ಮೆಯ ವಿಷಯವನ್ನು, ಪಕ್ಕದ ಮನೆಯವಳಿಗೆ ಹೇಳುವಂತೆ, ಬಣ್ಣ ಕೋಡುಗಳ ಸಮೇತ ದೇವಿಗೆ ವಿವರಿಸುತ್ತಿದ್ದರು. ನಾನು ನಾಲ್ಕು ತೋಳು, ಹಂಸವಾಹನ ಎಂದು ಪಾಠದ ಲಕ್ಷಣಗಳನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಒಳಗೆ ಹೋದವನು, ಹೂವಿನ ರಾಶಿಯ ನಡುವೆ ಅರಿಶಿನ ಕುಂಕುಮದ ಮುಖವನ್ನು ಕಂಡೊಡನೆ ಎಲ್ಲವನ್ನೂ ಮರೆತು ಕೈ ಮುಗಿದೆ. ಅವ್ವ ಸೀರೆ ಬಳೆ ಒಪ್ಪಿಸಿ ನನ್ನ ಹೆಸರು ಹೇಳಿದಳು, ಬಿ.ಎ. ಎಂದೂ ಹೇಳಿದಳು, ಪೂಜಾರರು ಹೆಸರಿನ ಜೊತೆಗೆ ಬಿ.ಎ.ಯನ್ನೂ ಸೇರಿಸಿ ಅರ್ಚನೆ ಮಾಡಿದರು. ಪದವಿ ಬರುವ ಮುನ್ನವೇ ದೇವಿಯ ದಫ್ತರದಲ್ಲಿ ನಾನು ಪದವೀಧರ.

"ಇನ್ಯಾರ ಹೆಸರು?" ಎಂದು ಪೂಜಾರರು ಕೇಳಿದರು. ಅವ್ವ ಅಕ್ಕನ ಹೆಸರು ಹೇಳಿ, ತಡೆದು, "ಬೇಗ ಒಂದು ಒಳ್ಳೆ ಕಡೆ ಕೂಡಿಬರ್ಲಿ" ಎಂದಳು. ಅಕ್ಕ ಕಣ್ಣು ಮುಚ್ಚಿ ನಿಂತಿದ್ದಳು. ಬಹಳ ಹೊತ್ತು ನಿಂತಿದ್ದಳು. ಹಿಂದಿನವರು ಕೆಮ್ಮಿದ ಮೇಲೆ ಸರಿದಳು.

ಹೊರಗೆ ಬಂದು ಪ್ರಸಾದ ತಿನ್ನುವಾಗ, "ಏನು ಕೇಳ್ಕೊಂಡೆ ಅಕ್ಕ?" ಎಂದೆ.

"ಏನಿಲ್ಲ. ಒಬ್ಬಳೇ ಬಂದ್ಯಲ್ಲ, ಆಮೇಲೆ ಯಾವಾಗ್ಲಾದ್ರೂ ಅವರನ್ನ ನೋಡೋಕೆ ಹೋದ್ಯಾ ಅಂತ ಕೇಳ್ದೆ."

ನಾನು ನಕ್ಕೆ. ಅವಳು ನಗಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅವ್ವ ನಿದ್ದೆ ಹೋದಳು. ಯಸಳೂರು ದಾಟುತ್ತಲೇ ಮಂಜು ಇಳಿಯಿತು. ಆಗ ಅಕ್ಕ, ಕಿಟಕಿಯ ಕಡೆ ನೋಡುತ್ತಲೇ, "ಕಾಲೇಜಿಗೆ ಹೋಗ್ದೆ ಹೊರಗಿನಿಂದ ಕಟ್ಟಿ ಪಿ.ಯು.ಸಿ. ಪರೀಕ್ಷೆ ಬರೀಬಹುದಂತಲ್ಲ, ಹೌದಾ?" ಎಂದಳು. ಹೌದೆಂದೆ. ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು, ಕಲಾ ವಿಭಾಗಕ್ಕೆ ತೊಂದರೆಯಿಲ್ಲ ಎಂದು ನನಗೆ ತಿಳಿದಷ್ಟನ್ನು ಉತ್ಸಾಹದಿಂದ ಹೇಳತೊಡಗಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ನಿನ್ನ ಪಿ.ಯು.ಸಿ. ಪುಸ್ತಕ ಎಲ್ಲಿಟ್ಟಿದ್ದೀಯ? ಅಟ್ಟದ ಮೇಲೆ ಎರಡು ಸಲ ಹುಡುಕಿದೆ, ಸಿಗಲಿಲ್ಲ" ಎಂದಳು.

ಅವುಗಳನ್ನು ನಾನು ಪಿ.ಯು.ಸಿ. ಮುಗಿದ ಬೇಸಗೆಯಲ್ಲಿಯೇ ಸಕಲೇಶಪುರದಲ್ಲಿ ತೂಕಕ್ಕೆ ಹಾಕಿದ್ದೆ. ಎಂಬತ್ತು ರೂಪಾಯಿ ಬಂದಿತ್ತು. ಗೆಳೆಯರೊಡನೆ ಕಾಫಿ, ಬೋಂಡಾ. ಅವಳಿಗೆ ಬೇಕೇ ಎಂದು ಕೇಳಬೇಕೆಂಬ ಯೋಚನೆ ಅಂದು ನನ್ನ ತಲೆಯ ಹತ್ತಿರವೂ ಸುಳಿದಿರಲಿಲ್ಲ. "ಯಾರಿಗೋ ಕೊಟ್ಟೆ" ಎಂದು ಹೇಳಲು ಬಾಯಿ ತೆರೆದೆ. ಮಡಿಲಲ್ಲಿ ಪ್ರಸಾದದ ಪೊಟ್ಟಣವಿತ್ತು, ಸುಳ್ಳು ಬರಲಿಲ್ಲ. ಇದ್ದದ್ದನ್ನು ಹೇಳಿದೆ. ಅಕ್ಕ, "ಹೋಗ್ಲಿ ಬಿಡು" ಎಂದಳು. ನಮ್ಮೂರು ಬರುವವರೆಗೂ ಬೇರೆ ಮಾತಾಡಲಿಲ್ಲ.

ಹಾಸನಕ್ಕೆ ಬಂದ ಮೇಲೆ ಹಳೆಯ ಪುಸ್ತಕದ ಅಂಗಡಿಗಳನ್ನು ಸುತ್ತಿದೆ. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಸಿಕ್ಕವು. ಅರ್ಥಶಾಸ್ತ್ರಕ್ಕೆ ಮೊದಲ ಹದಿನಾರು ಪುಟ ಇರಲಿಲ್ಲ, ಅದನ್ನು ಗೆಳೆಯನ ಪುಸ್ತಕದಿಂದ ಜೆರಾಕ್ಸ್ ಮಾಡಿಸಿ ಅಂಟಿಸಿದೆ. ಇಂಗ್ಲಿಷಿನದು ಕಡೆಗೆ ಹೊಸದನ್ನೇ ಕೊಂಡೆ. ಶನಿವಾರದ ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಹೋದೆ. ಅಕ್ಕ ಹಣ್ಣು ಬಿಡಿಸಿ ತೋಟದಿಂದ ಬಂದಿದ್ದಳು. ಕೈ ತೊಳೆದು, ಒರೆಸಿಕೊಂಡು, ಇತಿಹಾಸದ ಪುಸ್ತಕವನ್ನು ತೆರೆದಳು. ಒಳರಟ್ಟಿನ ಮೇಲೆ ಯಾರೋ ಹುಡುಗಿಯ ಹೆಸರಿತ್ತು. ಅದನ್ನು ಹೊಡೆದುಹಾಕಲಿಲ್ಲ, ಅದರ ಕೆಳಗೆ ತನ್ನ ಹೆಸರನ್ನು ಬರೆದು, ಅದರ ಕೆಳಗೆ, ನಾನು ಮೂರು ವರ್ಷದಲ್ಲಿ ಒಮ್ಮೆಯೂ ಬರೆಯದ ಹಾಗೆ, ಬರಿಯ 'ಹೊಂಗಡಹಳ್ಳ' ಎಂದು ಬರೆದಳು. ಒಳಗಿನಿಂದ ಅಜ್ಜಿ ಕೆಂಚಿಯನ್ನು ಗದರುತ್ತಿದ್ದಳು, ಹಾಲು ಕರೆಯುವ ಹೊತ್ತಾಗಿತ್ತು.