ಕಟಾಂಜನದ ಆಚೆ

ಗಣೇಶನ ಹಬ್ಬವೋ ರಾಜ್ಯೋತ್ಸವವೋ ಬಂತೆಂದರೆ ನಮ್ಮ ಊರುಗಳಲ್ಲಿ ನಿಧಾನವಾಗಿ ಸೈಕಲ್ ಹೊಡೆಯುವ ಸ್ಪರ್ಧೆ ಒಂದು ಇದ್ದೇ ಇರುತ್ತದೆ. ಎಲ್ಲರಿಗಿಂತ ಕೊನೆಗೆ ಬಂದವರೇ ಗೆದ್ದವರು. ಕಾಲು ನೆಲಕ್ಕೆ ತಾಗಿತೋ, ಆಟದಿಂದ ಹೊರಗೆ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರಾಗಿದ್ದ ನಾನು ಇಂಥ ಸ್ಪರ್ಧೆಗಳಿಗೆ ಎಷ್ಟು ಸಲ ಸೀಟಿ ಊದಿದ್ದೇನೋ ಲೆಕ್ಕವಿಲ್ಲ. ನೋಡುವವರಿಗೆ ಅದೊಂದು ತಮಾಷೆ. ಆದರೆ ಒಲಿಂಪಿಕ್ಸ್‌ನಲ್ಲಿ, ಜಗತ್ತಿನ ಅತಿ ವೇಗದ ಸವಾರರೂ ಮೊದಲು ಹೀಗೆಯೇ ಆಮೆಯಂತೆ ತೆವಳುತ್ತಾರೆಂದು ನನಗೆ ತಿಳಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು.

ನಮ್ಮ ಶಾಲೆಯಲ್ಲಿ ಓಟದಲ್ಲಿ ಮುಂದಿದ್ದವಳು ಅವಳು. ಆಮೇಲೆ ಸೈಕಲ್ ಪಂದ್ಯದ ಹುಚ್ಚು ಹತ್ತಿಸಿಕೊಂಡಳು. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ಹೋದವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿರುವುದು ನಿಮಗೆ ಗೊತ್ತೇ ಇದೆ. ಇವಳೂ ಆ ದಾರಿ ಹಿಡಿದವಳು. ರಜೆಗೆ ಬಂದಾಗಲೆಲ್ಲ ನಮ್ಮ ಮನೆಯ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಹಳೆಯ ಪಂದ್ಯಗಳನ್ನು ತೋರಿಸುವಳು. ಅಲ್ಲಿ ನಾನು ಮೊದಲು ನೋಡಿದ್ದು ಫ್ರಾನ್ಸಿನ ಡೇನಿಯಲ್ ಮೊರೆಲೋನ್ ಎಂಬುವರನ್ನು.

ಆ ಆಟದ ಬಗೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬಾಣಲೆಯ ಅಂಚಿನಂತೆ ಓರೆಯಾಗಿ ಎದ್ದ ಮರದ ಹಾದಿ. ಸೈಕಲ್ಲಿಗೆ ಬ್ರೇಕೂ ಇಲ್ಲ, ಗೇರೂ ಇಲ್ಲ. ಚಕ್ರ ತಿರುಗುವ ತನಕ ಪೆಡಲೂ ತಿರುಗಲೇಬೇಕು. ಸ್ಪ್ರಿಂಟ್ ಎಂಬ ಪಂದ್ಯದಲ್ಲಿ ಇಬ್ಬರೇ ಸವಾರರು, ಮೂರರಲ್ಲಿ ಎರಡು ಸುತ್ತು ಗೆದ್ದವರು ಮುಂದಕ್ಕೆ. ಗಡಿಯಾರ ಲೆಕ್ಕ ಹಾಕುವುದು ಕೊನೆಯ 200 ಮೀಟರನ್ನು ಮಾತ್ರ. ಅದಕ್ಕೆ ಮುಂಚಿನದೆಲ್ಲ ಬೆಕ್ಕು ಇಲಿಯ ಆಟ. ಮುಂದೆ ಹೋದವರು ಗಾಳಿಗೆ ಎದೆಕೊಡಬೇಕು, ಹಿಂದಿನವರು ಏನು ಮಾಡುತ್ತಾರೋ ಎಂದು ಕತ್ತು ತಿರುಗಿಸುತ್ತಲೇ ಇರಬೇಕು. ಹಿಂದಿರುವವರಿಗೆ ಗಾಳಿಯ ಕಾಟ ಕಡಿಮೆ, ಎದುರಾಳಿಯೋ ಸದಾ ಕಣ್ಣೆದುರು. ಹಾಗಾಗಿ ಮುಂದೆ ಹೋಗಲು ಇಬ್ಬರಿಗೂ ಮನಸ್ಸಿಲ್ಲ. 1964ರ ಟೋಕಿಯೋ ಒಲಿಂಪಿಕ್ಸ್‌ನ ಸೆಮಿಫೈನಲ್ಲಿನಲ್ಲಿ ಇಟಲಿಯ ಪೆಟ್ಟೆನೆಲ್ಲಾ, ಫ್ರಾನ್ಸಿನ ತ್ರಾಂತ ಇಬ್ಬರೂ ಸೈಕಲ್ ಮೇಲೆಯೇ 21 ನಿಮಿಷ 57 ಸೆಕೆಂಡು ಅಲುಗದೆ ನಿಂತಿದ್ದರಂತೆ! ಅಷ್ಟು ಹೊತ್ತಿಗೆ ನಾವು ಅನ್ನಕ್ಕಿಟ್ಟು ಇಳಿಸಿರುತ್ತೇವೆ. ಈಗ ಹಾಗೆ ನಿಲ್ಲಲು ನಿಯಮ ಬಿಡುವುದಿಲ್ಲ, 30 ಸೆಕೆಂಡಿಗೆ ಮಿತಿ.

ಅದೇ ಟೋಕಿಯೋದಲ್ಲಿ ಇಪ್ಪತ್ತರ ಹುಡುಗ ಮೊರೆಲೋನ್ ಕಂಚು ಗೆದ್ದರು. 1968ರಲ್ಲಿ ಮೆಕ್ಸಿಕೋದಲ್ಲಿ ಎರಡು ಚಿನ್ನ: ಒಂದು ಸ್ಪ್ರಿಂಟಿನಲ್ಲಿ, ಇನ್ನೊಂದು ಅದೇ ತ್ರಾಂತರ ಜೊತೆ ಇಬ್ಬರು ಕೂರುವ ಸೈಕಲ್ಲಿನಲ್ಲಿ. 1972ರಲ್ಲಿ ಮ್ಯೂನಿಕ್‌ನಲ್ಲಿ ಮತ್ತೆ ಚಿನ್ನ. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಚೆಕೊಸ್ಲೊವಾಕಿಯಾದ ಟ್ಕಾಚ್‌ಗೆ ಸೋತು ಬೆಳ್ಳಿ. ನಡುವೆ, 1966ರಿಂದ 1975ರೊಳಗೆ ಏಳು ಬಾರಿ ಹವ್ಯಾಸಿಗಳ ಸ್ಪ್ರಿಂಟಿನಲ್ಲಿ ವಿಶ್ವ ಚಾಂಪಿಯನ್. ಹನ್ನೆರಡು ವರ್ಷಗಳ ಅಂತರದಲ್ಲಿ ನಾಲ್ಕು ಒಲಿಂಪಿಕ್ಸ್, ನಾಲ್ಕರಲ್ಲೂ ಪದಕ. ಕಾಲಿನ ಬಲ ಒಂದರಿಂದಲೇ ಇಷ್ಟು ವರ್ಷ ಗೆಲ್ಲಲಾಗದು. ಎದುರಿನವರ ಹೆಗಲು ಯಾವಾಗ ಬಿಗಿಯಾಯಿತು, ಕಣ್ಣು ಯಾವಾಗ ಆಚೆ ಹೊರಳಿತು ಎಂದು ಓದುವ ಬುದ್ಧಿ ಬೇಕು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಗೆದ್ದವರ ಕಥೆಗೆ ಬರವೇನು? ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಭಾಗ. ಸವಾರಿ ಬಿಟ್ಟ ಮೊರೆಲೋನ್ ಕಟಾಂಜನದ ಆಚೆಗೆ ಹೋಗಿ ನಿಂತರು, ಕೋಚಾದರು. ಅವರ ಕೈಯಲ್ಲಿ ಬೆಳಗಿದವರಲ್ಲಿ ಎದ್ದು ಕಾಣುವವರು ಹೆಣ್ಣುಮಕ್ಕಳು.

ಇನ್ನೊಂದು ಮಾತು ನೆನಪಿಡಿ. ಮೊರೆಲೋನ್ ತಮ್ಮ ಪದಕಗಳನ್ನು ಗೆಲ್ಲುತ್ತಿದ್ದ ಕಾಲಕ್ಕೆ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಸೈಕಲ್ ಪಂದ್ಯವೇ ಇರಲಿಲ್ಲ. ರಸ್ತೆಯ ಪಂದ್ಯ ಬಂದದ್ದು 1984ರಲ್ಲಿ, ಸ್ಪ್ರಿಂಟ್ 1988ರಲ್ಲಿ. ಹೊಸದಾಗಿ ತೆರೆದ ಆ ಬಾಗಿಲಿನಿಂದ ಬಂದವಳು ಫೆಲಿಸಿಯಾ ಬಲಾಂಜೆ. ಇಟಲಿಯ ಸೈಕಲ್ ವೀರ ಫೆಲಿಚೆ ಜಿಮೊಂಡಿಯ ಅಭಿಮಾನಿಯಾಗಿದ್ದ ತಾಯಿ ಮಗಳಿಗೆ ಆ ಹೆಸರನ್ನೇ ಇಟ್ಟಿದ್ದಳಂತೆ. 1992ರ ಬಾರ್ಸಿಲೋನಾದಲ್ಲಿ ಈಕೆ ನಾಲ್ಕನೆಯವಳು, ಪದಕ ಕೈಗೆ ಸಿಕ್ಕಲಿಲ್ಲ. ಅಲ್ಲಿಂದ ಮುಂದೆ ಮೊರೆಲೋನರ ತರಬೇತಿಯಲ್ಲಿ 1995ರಿಂದ 1999ರ ತನಕ ಪ್ರತಿವರ್ಷವೂ ಸ್ಪ್ರಿಂಟ್ ಮತ್ತು 500 ಮೀಟರ್ ಎರಡರಲ್ಲೂ ವಿಶ್ವ ಪಟ್ಟ. 1996ರಲ್ಲಿ ಅಟ್ಲಾಂಟಾದಲ್ಲಿ ಒಂದು, 2000ದಲ್ಲಿ ಸಿಡ್ನಿಯಲ್ಲಿ ಎರಡು, ಒಟ್ಟು ಮೂರು ಒಲಿಂಪಿಕ್ ಚಿನ್ನ. ಗುರುವಿಗೂ ಮೂರು, ಶಿಷ್ಯೆಗೂ ಮೂರು!

ಅಷ್ಟಕ್ಕೇ ಸುಮ್ಮನೆ ಕೂರಬಹುದಿತ್ತು. ಅರವತ್ತು ದಾಟಿದ ಮೇಲೆ ಅವರು ಚೀನಾಕ್ಕೆ ಹೊರಟರು. ಭಾಷೆ ಬೇರೆ, ಊಟ ಬೇರೆ, ಹೆಣ್ಣುಮಕ್ಕಳೂ ಬೇರೆ. ಗುವೊ ಶುವಾಂಗ್ ಎಂಬ ಹುಡುಗಿ 2008ರಲ್ಲಿ ಬೀಜಿಂಗ್‌ನಲ್ಲಿ ಕಂಚು ಗೆದ್ದಳು. 2012ರಲ್ಲಿ ಲಂಡನ್ನಿಗೆ ಹೋದಾಗ ಅವಳ ಜೊತೆ ಗೊಂಗ್ ಜಿಂಜಿಯೆ ಇದ್ದಳು. ಆಗ ಅದು ಇಬ್ಬಿಬ್ಬರ ತಂಡದ ಪಂದ್ಯವಾಗಿತ್ತು. ಮೊದಲ ಸುತ್ತು ಒಬ್ಬಳು ಗಾಳಿಗೆ ಎದೆಯೊಡ್ಡಿ ಎಳೆದುಕೊಂಡು ಹೋಗಿ, ಗೊತ್ತಾದ ಜಾಗದಲ್ಲಿ ಪಕ್ಕಕ್ಕೆ ಸರಿಯಬೇಕಿತ್ತು. ಎರಡನೆಯ ಸುತ್ತನ್ನು ಇನ್ನೊಬ್ಬಳು ಮುಗಿಸಬೇಕಿತ್ತು. ಫೈನಲ್ಲಿನಲ್ಲಿ ಜರ್ಮನಿಗಿಂತ ಮೊದಲು ಗೆರೆ ದಾಟಿದರು, ಸಂಭ್ರಮಪಟ್ಟರು. ಆಮೇಲೆ ತೀರ್ಪು ಬಂತು: ಜಾಗ ಬಿಟ್ಟುಕೊಟ್ಟದ್ದು ಗೆರೆಗಿಂತ ತುಸು ಮುಂಚೆ ಆಯಿತು, ಚಿನ್ನ ಜರ್ಮನಿಗೆ. ಅರವತ್ತೆಂಟರ ಮೊರೆಲೋನ್ ಪತ್ರಕರ್ತರ ಮುಂದೆ ತಮ್ಮ ಸಿಟ್ಟನ್ನು ಮುಚ್ಚಿಡಲಿಲ್ಲ.

ಆ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ತಾನೇ ಸೋತರೆ ಮುಂದಿನ ಸಲ ನೋಡೋಣ ಎನ್ನಬಹುದು. ನಾವು ಕಲಿಸಿದ ಮಗು ಗೆದ್ದೂ ಕಳೆದುಕೊಂಡಾಗ ಕೈಕಾಲೇ ಆಡುವುದಿಲ್ಲ. ಸೀಟಿ ಕೈಯಲ್ಲಿದ್ದೂ ಊದುವಂತಿಲ್ಲ, ಓಡಲು ಹೆಜ್ಜೆ ಚಡಪಡಿಸಿದರೂ ಒಳಗೆ ಕಾಲಿಡುವಂತಿಲ್ಲ. ನನ್ನ ಹುಡುಗಿಯರಲ್ಲಿ ಎಷ್ಟೋ ಮಂದಿ ಹತ್ತನೇ ತರಗತಿ ಮುಗಿಯುವ ಮೊದಲೇ ಅರಿಶಿನ ಕುಂಕುಮದ ಮಾತುಕತೆಯಲ್ಲಿ ಮೈದಾನ ಬಿಟ್ಟರು. ಅವರ ಮನೆಗಳಿಗೆ ಹೋಗಿ ಜಗಲಿಯಲ್ಲಿ ಕೂತು ಕಾಫಿ ಕುಡಿದು, ಹೇಳುವಷ್ಟು ಹೇಳಿ ಬರಿಗೈಯಲ್ಲಿ ಬಂದ ದಿನಗಳಿವೆ. ಅವು ಯಾವ ದಾಖಲೆಯಲ್ಲೂ ಸೇರುವುದಿಲ್ಲ.

“ನಿಮಗೇನು ಸಿಕ್ಕಿತು ಟೀಚರ್?” ಎಂದು ಮದುವೆಮನೆಗಳಲ್ಲಿ ಕೇಳುವವರಿದ್ದಾರೆ. ಕಲಿಸುವುದೆಂದರೆ ಓಡಲಾರದವರ ಕೆಲಸ, ಮುಗಿದವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹೆಂಗಸರ ಮಟ್ಟಿಗಂತೂ ಅದು ಇನ್ನೂ ಹೆಚ್ಚು. ಹಾಡುತ್ತಿದ್ದವಳು ಮದುವೆಯಾದ ಮೇಲೆ ನೆರೆಮನೆ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುತ್ತಾಳೆ. ‘ಪಾಪ, ಕಛೇರಿ ಮಾಡಬೇಕಾದವಳು’ ಎನ್ನುತ್ತಾರೆ. ಆ ‘ಪಾಪ’ದಲ್ಲಿ ಅರ್ಧ ಸತ್ಯವಿದೆ. ಮೊರೆಲೋನ್ ತಮ್ಮ ಓಟ ಪೂರ್ತಿ ಓಡಿ, ಮನಸಾರೆ ಗೆದ್ದು ಆಚೆ ಬಂದವರು. ನಮ್ಮಲ್ಲಿ ಎಷ್ಟೋ ಜನರನ್ನು ಗೆರೆಗಿಂತ ಮುಂಚೆಯೇ ಪಕ್ಕಕ್ಕೆ ಸರಿಸಿಬಿಟ್ಟರು. ಎರಡೂ ಒಂದೇ ಎಂದು ನಾನು ಹೇಳಲಾರೆ, ನೀವೂ ಒಪ್ಪಬೇಡಿ. ತಾನಾಗಿ ಹಿಂದೆ ನಿಂತು ಹೊತ್ತು ಕಾಯುವುದು ಜಾಣತನ. ಬೇರೆಯವರು ಹಿಂದೆ ನಿಲ್ಲಿಸಿದರೆ ಅದು ಅನ್ಯಾಯ.

ಆದರೆ ಉಳಿದರ್ಧವೂ ಸತ್ಯವೇ. ಮೊರೆಲೋನ್ ಒಲಿಂಪಿಕ್ಸ್‌ನಲ್ಲಿ ಸವಾರರಾಗಿದ್ದದ್ದು ಹನ್ನೆರಡು ವರ್ಷ. ಅಟ್ಲಾಂಟಾದಿಂದ ಲಂಡನ್ನಿನ ತನಕ, ಕಲಿಸುವವರಾಗಿ ಎಣಿಸಿದರೆ ಅದಕ್ಕಿಂತ ಹೆಚ್ಚು. ಎರಡನೆಯದು ಮೊದಲನೆಯದರ ಬಾಲವಲ್ಲ, ಅದೇ ಒಂದು ಬೇರೆ ವಿದ್ಯೆ. ತನ್ನ ಕಾಲಿಗೆ ಗೊತ್ತಿದ್ದುದನ್ನು ಇನ್ನೊಬ್ಬಳ ಕಾಲಿಗೆ ದಾಟಿಸಬೇಕು, ಅವಳ ಎತ್ತರ, ಅವಳ ಅಂಜಿಕೆ, ಅವಳ ಹಟ ಎಲ್ಲ ಬೇರೆ ಎಂದು ತಿಳಿದು.

2016ರಲ್ಲಿ ರಿಯೋದಲ್ಲಿ ಗೊಂಗ್ ಜಿಂಜಿಯೆ ಮತ್ತೆ ಬಂದಳು, ಈ ಸಲ ಝೊಂಗ್ ಟಿಯಾನ್‌ಶಿ ಜೊತೆ. ನಮ್ಮ ಯಕ್ಷಗಾನದ ಮುಖವರ್ಣಿಕೆಯನ್ನು ನೆನಪಿಸುವಂಥ ಪೀಕಿಂಗ್ ಒಪೆರಾದ ಬಣ್ಣದ ಮುಖಗಳು, ಅವರ ದಂತಕಥೆಯ ವೀರನಾರಿಯರ ಮುಖಗಳು, ಇಬ್ಬರ ಹೆಲ್ಮೆಟ್ಟಿನ ಮೇಲೂ ಇದ್ದವು. ಅದೇ ಪಂದ್ಯದಲ್ಲಿ ಚಿನ್ನ ಗೆದ್ದರು. ಸೈಕಲ್ಲಿನಲ್ಲಿ ಚೀನಾಕ್ಕೆ ಅದೇ ಮೊದಲ ಒಲಿಂಪಿಕ್ ಚಿನ್ನ. ಆ ಹೊತ್ತಿಗೆ ಕೋಚು ಬೇರೆಯವರು, ಇನ್ನೊಬ್ಬ ಫ್ರೆಂಚ್ ಮನುಷ್ಯ. ನೆಟ್ಟವರೊಬ್ಬರು, ಹಣ್ಣು ಕಿತ್ತ ಹೊತ್ತಿಗೆ ಇದ್ದವರೊಬ್ಬರು. ಟೀಚರುಗಳಿಗೆ ಇದು ಹೊಸದೇನಲ್ಲ. ಐದನೇ ತರಗತಿಯಲ್ಲಿ ಮಗ್ಗಿ ತಿದ್ದಿದವರ ಹೆಸರನ್ನು ರ‍್ಯಾಂಕು ಬಂದ ದಿನ ಯಾರು ಕೇಳುತ್ತಾರೆ?

ನನಗೆ ಇದನ್ನೆಲ್ಲ ತೋರಿಸಿದ ಹುಡುಗಿಗೆ ಈಗ ಇಪ್ಪತ್ತೇಳು. ಮಂಡಿಯ ನೋವು ಬಿಡುತ್ತಿಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚುಗಳ ಡಿಪ್ಲೊಮಾಕ್ಕೆ ಅರ್ಜಿ ಹಾಕು ಎಂದು ಜೊತೆಯವರು ಹೇಳಿದ್ದಾರೆ. “ಅರ್ಜಿ ಹಾಕಿದರೆ ನಾನು ಮುಗಿದೆ ಅಂತ ಒಪ್ಪಿಕೊಂಡ ಹಾಗಲ್ಲವಾ ಟೀಚರ್?” ಎಂದು ಕಳೆದ ಸಲ ಅತ್ತಳು. ಅಳಬೇಡ ಎನ್ನಲಿಲ್ಲ, ಅಳುವಂಥ ವಿಷಯವೇ ಅದು. ಇನ್ನೊಂದು ವರ್ಷ ಓಡಬೇಕೆನಿಸಿದರೆ ಓಡು, ಪಕ್ಕಕ್ಕೆ ಸರಿಯುವ ಗೆರೆ ಎಲ್ಲಿದೆ ಎಂದು ನೀನೇ ನೋಡಿಕೋ, ಮನೆಯವರೂ ನೆಂಟರೂ ಅದನ್ನು ಎಳೆಯುವುದು ಬೇಡ ಎಂದೆ. ಸರಿದ ಮೇಲೆ ಮಾತ್ರ ‘ಪಾಪ’ ಎನ್ನುವವರ ಕಡೆ ತಿರುಗಬೇಡ, ನಿನ್ನ ಮುಂದೆ ಹೊಸದಾಗಿ ಪೆಡಲಿಗೆ ಕಾಲಿಟ್ಟವಳ ಹೆಗಲನ್ನು ನೋಡು, ಬಿಗಿಯಾಗಿದೆಯೋ ಸಡಿಲವಾಗಿದೆಯೋ ಅಂತ.

ಮೊನ್ನೆ ಫೋನು ಮಾಡಿದ್ದಳು. ಅರ್ಜಿಯ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅವರ ಓಣಿಯ ಹನ್ನೆರಡರ ಹುಡುಗಿಯೊಬ್ಬಳು ಅಣ್ಣನ ಸೈಕಲ್ಲಿನಲ್ಲಿ ದಿನಾ ಇವಳ ಹಿಂದೆ ಬರುತ್ತಿದ್ದಾಳಂತೆ. “ಗಾಳಿ ತಪ್ಪಿಸಿಕೊಳ್ಳೋದು ಅವಳಿಗೆ ಹುಟ್ಟಿನಿಂದಲೇ ಗೊತ್ತು ಟೀಚರ್, ಯಾರೂ ಹೇಳಿಕೊಟ್ಟಿಲ್ಲ” ಎಂದು ಅರ್ಧ ಗಂಟೆ ಅವಳ ವಿಷಯವನ್ನೇ ಹೇಳಿದಳು.