ಅಣ್ಣನವರ ಕಾರು

ನಮ್ಮ ಅಣ್ಣನವರು ಬಿಟ್ಟುಹೋದ 1994ರ ಅಂಬಾಸಡರ್ ಕಾರಿನಲ್ಲಿ ಅವರೇ ಆಸೆಪಟ್ಟು ಕೂಡಿಸಿದ್ದ ಏರ್ ಕಂಡೀಷನರು ಕೆಟ್ಟು ಬಹುಕಾಲವಾಗಿದ್ದಿತು. ಕಳೆದ ವೈಶಾಖದಲ್ಲಿ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಬರುವಾಗ, ಉಬ್ಬಸವುಳ್ಳ ನನ್ನ ಮನೆಯವರು ಸೆಕೆಯಲ್ಲಿಯೂ ಧೂಳಿನಲ್ಲಿಯೂ ಬಳಲಿದುದನ್ನು ಕಂಡು ಮೆಕ್ಯಾನಿಕ್ಕನ ಬಳಿಗೆ ಹೋದೆನು.

"ಹಳೆಯದನ್ನೇ ಸರಿಮಾಡಪ್ಪ" ಎಂದೆನು.

"ಆಗೋಲ್ಲ ಮೇಷ್ಟ್ರೇ" ಎಂದು ಅವನು ವಿವರಿಸಿದನು. ಅದರ ಆರ್-12 ಅನಿಲವು ಓಜೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಕ್ರಮೇಣ ತೊಲಗಿ, 2010ರ ಹೊತ್ತಿಗೆ ನಮ್ಮಲ್ಲಿಯೂ ಇಂತಹ ಕೆಲಸಗಳಿಗೆ ನಿಂತುಹೋಗಿದ್ದಿತು. ಆರ್-134ಎ ತುಂಬೋಣವೆಂದರೆ ಹಳೆಯ ಖನಿಜತೈಲವು ಅದರೊಡನೆ ಬೆರೆಯದು. ಎಣ್ಣೆ ಹಿಂದಿರುಗದೆ ಕಂಪ್ರೆಸರ್ ಹಿಡಿದುಕೊಳ್ಳುವುದು. ಹಳೆಯ ರಬ್ಬರು ಕೊಳವೆಗಳಲ್ಲಿ ಅನಿಲವು ಸೋರುವುದು. ಆದುದರಿಂದ ಕಂಪ್ರೆಸರ್, ಕೊಳವೆಗಳು, ತೇವ ಹೀರುವ ಡ್ರೈಯರ್, ಇನ್ನೂ ದೊಡ್ಡ ಕಂಡೆನ್ಸರ್ ಎಲ್ಲವೂ ಹೊಸವಾಗಬೇಕು.

ಅವಯವಗಳು ಬದಲಾದ ಮೇಲೆ ಅವಯವಿಯು ಅದೇ ಎನ್ನಬಹುದೆ? ಪಾಠಶಾಲೆಯ ತರ್ಕವು ಈ ಗ್ಯಾರೇಜಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿತು. ಅಣ್ಣನವರ ಕೈ ಸೋಕಿದ ವಸ್ತುಗಳನ್ನು ಗುಜರಿಗೆ ಹಾಕಲು ಮನಸ್ಸೊಪ್ಪಲಿಲ್ಲ.

"ಭಾವನವರು ಅದನ್ನು ಹಾಕಿಸಿದ್ದು ತಂಪಿಗೇ ಅಲ್ಲವೆ?" ಎಂದರು ಮನೆಯವರು.

ಒಪ್ಪಿದೆನು. ಒಳಗಿನ ಕಾಯಿಲನ್ನು ಮಾತ್ರ ಮೆಕ್ಯಾನಿಕ್ಕನು ತೊಳೆದು ಉಳಿಸಿದನು. ಅಣ್ಣನವರು ತಿರುಗಿಸುತ್ತಿದ್ದ ಗುಂಡಿಯೂ ಉಳಿಯಿತು. ಹಿಂದಿರುಗುವಾಗ, ಶಿಡ್ಲಘಟ್ಟ ದಾಟುವಷ್ಟರಲ್ಲಿ ಮನೆಯವರು ಸೆರಗು ಹೊದ್ದು, "ಸ್ವಲ್ಪ ಕಡಿಮೆ ಮಾಡಿ" ಎಂದರು. ಆ ಗುಂಡಿಯನ್ನೇ ತಿರುಗಿಸಿದೆನು.