ಕಟೌಟ್ ಇಲ್ಲದ ಹೀರೋ!

ಹೌರಾ ಸೇತುವೆ ಅಂದ ತಕ್ಷಣ ನಿಮಗೆ ಮಧುಬಾಲಾ ನೆನಪಾದರೆ ತಪ್ಪೇನಿಲ್ಲ ಬಿಡಿ, ನನಗೂ ಹಾಗೇನೇ! ಶಕ್ತಿ ಸಾಮಂತರ ‘ಹೌರಾ ಬ್ರಿಡ್ಜ್’ (1958) ನೋಡಿದ ಮೇಲೇ ಕಲ್ಕತ್ತೆಯ ಆ ಉಕ್ಕಿನ ಸೇತುವೆಯ ಹುಚ್ಚು ನನಗೆ ಹತ್ತಿದ್ದು. ಅಶೋಕ್ ಕುಮಾರ್, ಹೆಲೆನ್ ಕುಣಿತ, ಓ.ಪಿ. ನಯ್ಯರ್ ಸಂಗೀತ... ಎಲ್ಲ ಇದ್ದೂ ಚಿತ್ರದ ಹೆಸರು ಮಾತ್ರ ಸೇತುವೆಯದು!

ಈ ಹೀರೋನ ಫ್ಲಾಶ್‌ಬ್ಯಾಕ್ ಕೇಳಿ. ಹೂಗ್ಲಿ ನದಿಯ ಮೇಲೆ 1874ರಿಂದ ಇದ್ದದ್ದು ತೇಲುವ ಸೇತುವೆ. ಹಡಗು ಬಂತೆಂದರೆ ನಡುವಿನ ಭಾಗ ಸರಿಸಬೇಕು. ಜನ, ಗಾಡಿ ಎಲ್ಲ ಕಾಯಬೇಕು. ಆ ಜಾಗಕ್ಕೆ ಬಂದ ನಮ್ಮ ಹೀರೋ ನಡುನೀರಿನಲ್ಲಿ ಒಂದು ಕಂಬವನ್ನೂ ಊರದೆ 1,500 ಅಡಿ ದಾಟಿದ! ಎರಡೂ ದಡದಿಂದ ಚಾಚಿದ ಉಕ್ಕಿನ ತೋಳುಗಳು ನಡುವಿನ ಭಾಗವನ್ನು ಹೊತ್ತಿವೆ. ಒಟ್ಟು 26,500 ಟನ್ ಉಕ್ಕು, ಅದರಲ್ಲಿ 23,000 ಟನ್ ಟಾಟಾದವರದ್ದೇ. ನಟ್ಟು-ಬೋಲ್ಟಿನ ಕೆಲಸವೇ ಇಲ್ಲ, ಎಲ್ಲ ರಿವೆಟ್ಟು ಹೊಡೆದು ಕೂಡಿಸಿದ್ದು.

ಇಂಥವನ ರಿಲೀಸ್ ಎಷ್ಟು ಜೋರಾಗಿರಬೇಕಿತ್ತು! ಆದರೆ ಅದು ಮಹಾಯುದ್ಧದ ಕಾಲ. 1942ರ ಡಿಸೆಂಬರ್‌ನಲ್ಲಿ ಜಪಾನೀಯರು ಕಲ್ಕತ್ತೆಯ ಮೇಲೆ ಬಾಂಬ್ ಹಾಕಿದ್ದರು. ಆ ಭಯಕ್ಕೆ, 1943ರ ಫೆಬ್ರವರಿ 3ರಂದು ಹಾರ-ತುರಾಯಿ, ಭಾಷಣ ಏನೂ ಇಲ್ಲದೆ ಸೇತುವೆ ತೆರೆಯಿತು. 1965ರಲ್ಲಿ ‘ರವೀಂದ್ರ ಸೇತು’ ಅಂತ ಹೊಸ ಹೆಸರು ಬಂತು. ಜನ ಇನ್ನೂ ಹೌರಾ ಅಂತಲೇ ಕರೀತಾರೆ.

ಕಣ್ಣಾರೆ ನೋಡೋಣ ಅಂತ ಹೋದೆ. ತಲೆ ಮೇಲೆ ಬುಟ್ಟಿ ಹೊತ್ತವರು, ರೈಲಿಗೆ ಓಡುವವರು, ಬಸ್ಸಿನ ಹಾರನ್ನು... ಕಾಲ ಕೆಳಗೆ ಸೇತುವೆ ನಡುಗ್ತಿತ್ತು, ನನ್ನೆದೆಯೂ! ಆದರೆ ಉಕ್ಕಿನ ಕಂಬಗಳ ಬುಡ ನೋಡಿದರೆ ಕೆಂಪೋ ಕೆಂಪು. ಬಣ್ಣ ಅಲ್ಲ ಸ್ವಾಮಿ, ಬೀಡಾ ಉಗುಳು!

ಅದರ ಸುಣ್ಣ, ಅಡಿಕೆಯ ರಸ ಉಕ್ಕನ್ನೇ ತಿನ್ನುತ್ತೆ. 2011ರ ತಪಾಸಣೆಯಲ್ಲಿ, ಕಂಬಗಳ ಬುಡಕ್ಕೆ ನೀರು ಇಳಿಯದಂತೆ ಹಾಕಿದ್ದ 6 ಮಿ.ಮೀ. ದಪ್ಪದ ಉಕ್ಕಿನ ಕವಚ ನಾಲ್ಕೇ ವರ್ಷದಲ್ಲಿ 3 ಮಿ.ಮೀ.ಗಿಂತ ತೆಳ್ಳಗಾಗಿತ್ತು. ಆಮೇಲೆ ಫೈಬರ್‌ಗ್ಲಾಸ್ ಹೊದಿಕೆ ಹಾಕಬೇಕಾಯಿತು. ಉಗುಳಿದವರು ಯಾರು? ದಿನಾ ಅದೇ ಸೇತುವೆ ದಾಟಿ ಅನ್ನ ದುಡಿಯುವವರು, ಊರಿನವರ ಮುಂದೆ ‘ನಮ್ಮ ಬ್ರಿಡ್ಜ್’ ಅಂತ ಎದೆ ತಟ್ಟಿಕೊಳ್ಳುವವರು!

ನಗಬೇಡಿ ಗೆಳೆಯರೇ. ನಮ್ಮೂರ ಟಾಕೀಸಿನ ಮೆಟ್ಟಿಲ ಮೂಲೆ ಯಾವ ಬಣ್ಣಕ್ಕಿದೆ ಹೇಳಿ? ಹೊರಗೆ ಕಟೌಟಿಗೆ ಹಾಲು, ಒಳಗೆ ಗೋಡೆಗೆ ಉಗುಳು! ಅಭಿಮಾನ ಅಂದರೆ ಶಿಳ್ಳೆ ಹೊಡೆದರೆ ಮುಗೀತೇ? ಆ ಉಕ್ಕಿನ ಹೀರೋ ಮಹಾಯುದ್ಧದಲ್ಲೇ ಹುಟ್ಟಿ ಬದುಕಿ ಉಳಿದವನು. ಅಭಿಮಾನಿಗಳ ಬಾಯಿಯಿಂದ ಅವನನ್ನು ಕಾಪಾಡೋಕೆ ಯಾವ ಸ್ಟಂಟ್ ಮಾಸ್ಟರ್ ಬರಬೇಕು?